ಪಾಠಯೋಜನೆ ಕೊನೆಗೆ ಬರೆಯಿರಿ: ಪ್ರಾಥಮಿಕ ತರಗತಿಗೆ ಗಣಿತ ಕಲಿಸಲು ಹೊರಟವರಿಗೆ ಹಂತ ಹಂತದ ಮಾರ್ಗದರ್ಶಿ

ಅಭ್ಯಾಸ ಪಾಠದ ದಿನಾಂಕ ತಿಳಿದ ಕೂಡಲೇ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ತರಬೇತಿ) ವಿದ್ಯಾರ್ಥಿಗಳು ಅಂಗಡಿಗೆ ಓಡಿ ಚಾರ್ಟು ತರುತ್ತಾರೆ. ರಾತ್ರಿ ಹನ್ನೆರಡರವರೆಗೆ ಕುಳಿತು ಬಣ್ಣ ತುಂಬುತ್ತಾರೆ. ಮರುದಿನ 503ರಿಂದ 267 ಕಳೆಯುವ ಲೆಕ್ಕವನ್ನು ಹಲಗೆಯ ಮೇಲೆ ಸರಾಗವಾಗಿ ಮಾಡಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ: “ಬಾಯಿ, ಅಲ್ಲಿ ಸೊನ್ನೆ ಇತ್ತಲ್ಲ, ಅದು ಒಂಬತ್ತು ಹೇಗಾಯಿತು?” ಮುಂಬಯಿಯ ಪಾಲಿಕೆ ಶಾಲೆಗಳಲ್ಲಿ ಟೀಚರ್ ಎಂದರೆ ‘ಬಾಯಿ’. ಬಾಯಿಯ ಬಾಯಿ ಕಟ್ಟುತ್ತದೆ. “ನಿಯಮ ಹಾಗಿದೆ, ಬರೆದುಕೋ” ಎಂಬ ಉತ್ತರ ಹೊರಬೀಳುತ್ತದೆ. ನನ್ನ ಮೊದಲ ವರ್ಷ ನಾನೂ ಅದನ್ನೇ ಹೇಳಿದ್ದೆ.

ಮುಂಬಯಿಯ ಮಾಟುಂಗಾದಲ್ಲಿ ಭಾನುವಾರ ಬೆಳಗ್ಗೆ ಈ ತಯಾರಿಗೆಂದು ನನ್ನ ಬಳಿಗೆ ಬರುವ ಕನ್ನಡದ ಹುಡುಗಿಯರು, ಹುಡುಗರು ಡೊಂಬಿವಲಿ, ವಸಯಿ, ನೆರೂಳದಿಂದ ಬರುತ್ತಾರೆ. ಲೆಕ್ಕದಲ್ಲಿ ಯಾರೂ ದಡ್ಡರಲ್ಲ. ಎಡವುವುದು ಕ್ರಮದಲ್ಲಿ. ಪಾಠಯೋಜನೆ ಮೊದಲು, ಚಾರ್ಟು ಆಮೇಲೆ, ಗಣಿತ ಕೊನೆಗೆ. ಈ ಬರಹದಲ್ಲಿ ಅದನ್ನು ತಲೆಕೆಳಗು ಮಾಡಿದ್ದೇನೆ. ಎಂಟು ಹಂತಗಳಿವೆ, ದಿನಕ್ಕೆ ಮುಕ್ಕಾಲು ಗಂಟೆ ಕೊಟ್ಟರೆ ಹತ್ತು ವಾರ ಬೇಕು. ಹಂತ ಹಾರಿಸಿದರೆ ಮುಂದಿನದು ಕೈಕೊಡುತ್ತದೆ.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಇನ್ನೂರು ಐಸ್‌ಕ್ರೀಮ್ ಕಡ್ಡಿ, ಒಂದು ಪೊಟ್ಟಣ ರಬ್ಬರ್ ಬ್ಯಾಂಡ್. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಸಗಟು ದರಕ್ಕೆ ಸಿಗುತ್ತವೆ. ಒಂದು ಹಿಡಿ ಹುಣಸೆ ಬೀಜ, ಚೌಕದ ಗೆರೆಗಳ ನೋಟ್‌ಬುಕ್, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದೇ ಅಳತೆಯ ಕಾಗದದ ಪಟ್ಟಿಗಳು, ಕೈಯಲ್ಲೇ ಬರೆದು ಮಾಡಿದ 1, 10, 100 ರೂಪಾಯಿಯ ಆಟದ ನೋಟುಗಳು.

ಪುಸ್ತಕದ ವಿಷಯಕ್ಕೆ ಬಂದರೆ, ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಪ್ರಕಟಿಸುವ ಒಂದರಿಂದ ಐದನೇ ತರಗತಿಯ ಗಣಿತ ಪುಸ್ತಕಗಳು ಕನ್ನಡದಲ್ಲಿ ಬೇಕು, ಮರಾಠಿಯಲ್ಲೂ ಬೇಕು. ಎರಡೂ ಯಾಕೆ ಎಂಬುದು ಎರಡನೇ ಹಂತದಲ್ಲಿ ತಿಳಿಯುತ್ತದೆ. ಗೈಡು ಬೇಡ. ಗೈಡಿನಲ್ಲಿ ಉತ್ತರಗಳಿರುತ್ತವೆ, ನಿಮಗೆ ಬೇಕಾಗಿರುವುದು ಮಕ್ಕಳ ತಪ್ಪುಗಳು. ಅವನ್ನು ಬರೆದಿಡಲು ಬೇರೆಯೇ ಒಂದು ದಪ್ಪ ವಹಿ ಇಟ್ಟುಕೊಳ್ಳಿ. ನಮ್ಮ ಭಾನುವಾರದ ಕೂಟದಲ್ಲಿ ಅದಕ್ಕೆ ‘ತಪ್ಪಿನ ವಹಿ’ ಎಂದೇ ಹೆಸರು.

ಹಂತ 1: ನಿಮ್ಮ ಪರೀಕ್ಷೆ ನೀವೇ ತೆಗೆದುಕೊಳ್ಳಿ

ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಈ ಏಳು ಪ್ರಶ್ನೆಗಳನ್ನು ಬಿಡಿಸಿ: 503 − 267, 46 × 32, 618 ÷ 6, ¾ ದೊಡ್ಡದೋ 5/7 ದೊಡ್ಡದೋ, 1¾ ÷ ½, 0.35 ದೊಡ್ಡದೋ 0.4 ದೊಡ್ಡದೋ, ವಿಸ್ತೀರ್ಣ ಒಂದೇ ಇರುವ ಎರಡು ಕೋಣೆಗಳ ಸುತ್ತಳತೆಯೂ ಒಂದೇ ಇರಬೇಕೇ?

ಪ್ರತಿಯೊಂದಕ್ಕೂ ಮೂರು ಸಾಲು ಬರೆಯಬೇಕು. ಮೊದಲನೆಯದು ಉತ್ತರ. ಎರಡನೆಯದು ಕಾರಣ; ಅದರಲ್ಲಿ ‘ನಿಯಮ’, ‘ಸೂತ್ರ’, ‘ಹಾಗೆಯೇ ಮಾಡಬೇಕು’ ಎಂಬ ಮಾತು ಬರಕೂಡದು. ಮೂರನೆಯದು, ಆ ಲೆಕ್ಕ ಹುಟ್ಟುವಂತಹ ಒಂದು ಪುಟ್ಟ ಸನ್ನಿವೇಶ.

ಉತ್ತರದ ಸಾಲು ಬಹುಪಾಲು ಸರಿಯಾಗಿಯೇ ಬರುತ್ತದೆ. ಕಾರಣದ ಸಾಲಿನಲ್ಲಿ ಪೆನ್ನು ನಿಲ್ಲುತ್ತದೆ. 1¾ ÷ ½ರ ಸನ್ನಿವೇಶದಲ್ಲಂತೂ ಹೆಚ್ಚಿನವರು “ಒಂದೂಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಹಂಚಿ” ಎಂದು ಬರೆಯುತ್ತಾರೆ. ಅದು 2ರಿಂದ ಭಾಗಿಸುವ ಕಥೆ, ½ರಿಂದ ಭಾಗಿಸುವುದಲ್ಲ. ನಾಚಿಕೊಳ್ಳಬೇಡಿ. ಗಣಿತ ಶಿಕ್ಷಣದ ಸಂಶೋಧಕಿ ಲಿಪಿಂಗ್ ಮಾ ಇದೇ ಲೆಕ್ಕವನ್ನು ಅಮೆರಿಕದ 23 ಮತ್ತು ಚೀನಾದ 72 ಶಿಕ್ಷಕರ ಮುಂದಿಟ್ಟಿದ್ದರು. ಚೀನಾದವರೆಲ್ಲರ ಉತ್ತರವೂ ಸರಿಯಿತ್ತು. ಅಮೆರಿಕದ ಗುಂಪಿನಲ್ಲಿ ಸರಿಯುತ್ತರ ಕೊಟ್ಟವರು ಅರ್ಧಕ್ಕಿಂತ ಕಡಿಮೆ. ಆ ಗುಂಪಿನಲ್ಲಿ ಸರಿಯಾದ ಕಥೆ ಕಟ್ಟಿದವರು ಒಬ್ಬರೇ. ಅವರೆಲ್ಲ ದಿನವೂ ಪಾಠ ಮಾಡುವ ಶಿಕ್ಷಕರು.

ಖಾಲಿ ಉಳಿದ ಸಾಲುಗಳನ್ನು ಖಾಲಿಯೇ ಬಿಡಿ, ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಮುಂದಿನ ಹಂತಗಳಲ್ಲಿ ಅವು ತುಂಬುತ್ತಾ ಹೋಗುತ್ತವೆ. ಏಳಕ್ಕೆ ಏಳೂ ಕಾರಣ ಬರೆದೆ ಎನ್ನುವವರು ಅದನ್ನು ಗಣಿತ ಓದದ ಒಬ್ಬರಿಗೆ, ಅಮ್ಮನಿಗೋ ಅತ್ತೆಗೋ ಓದಿ ಹೇಳಿ. ಅವರು “ಆದರೆ ಯಾಕೆ?” ಎಂದು ಕೇಳಿದ ಜಾಗಕ್ಕೆ ಕೆಂಪು ಗುರುತು ಹಾಕಿಕೊಳ್ಳಿ.

ಹಂತ 2: ಸಂಖ್ಯೆಯ ಹೆಸರು ಮತ್ತು ಸ್ಥಾನಬೆಲೆ

ಮುಂಬಯಿಯ ಕನ್ನಡ ಮಗುವಿನ ಕಿವಿಗೆ ಒಂದೇ ಸಂಖ್ಯೆ ಮೂರು ಹೆಸರಿನಲ್ಲಿ ಬೀಳುತ್ತದೆ. ಮನೆಯಲ್ಲಿ ಐವತ್ತೊಂಬತ್ತು, ಓಣಿಯಲ್ಲಿ ಹಿಂದಿಯ ‘ಉನ್‌ಸಠ್’, ಮರಾಠಿ ತಾಸಿನಲ್ಲಿ ‘ಏಕೋಣಸಾಠ’. ಕನ್ನಡದ ಹೆಸರಿನಲ್ಲಿ ಐವತ್ತು ಮೊದಲು, ಒಂಬತ್ತು ಆಮೇಲೆ. ಅಂಕಿ ಬರೆಯುವ ಕ್ರಮವೂ ಅದೇ. ಮರಾಠಿಯ ಹೆಸರಿನ ಅರ್ಥ ‘ಅರವತ್ತಕ್ಕೆ ಒಂದು ಕಡಿಮೆ’. ಡೊಂಬಿವಲಿಯ ಒಂದು ಮನೆಯಲ್ಲಿ ಎರಡನೇ ತರಗತಿಯ ಹುಡುಗನಿಗೆ ನಾನು ‘ಏಕೋಣಸಾಠ’ ಬರೆ ಎಂದೆ. ಅವನು ಮೊದಲು 6 ಬರೆದ, ತುಸು ಯೋಚಿಸಿದ, ಪಕ್ಕದಲ್ಲಿ 1 ಬರೆದ. ಅರವತ್ತು ಕೇಳಿಸಿತ್ತು, ಒಂದೂ ಕೇಳಿಸಿತ್ತು, ಕಳೆಯಬೇಕೆಂಬುದು ಕೇಳಿಸಿರಲಿಲ್ಲ. ಅದೇ ಹುಡುಗನಿಗೆ ಐವತ್ತೊಂಬತ್ತು ಎಂದಾಗ 59 ಥಟ್ಟನೆ ಬಂತು. ಅವನ ಅಮ್ಮ ಅಡುಗೆಮನೆಯಿಂದ “ಇವನಿಗೆ ಲೆಕ್ಕವೇ ತಲೆಗೆ ಹತ್ತುವುದಿಲ್ಲ” ಎನ್ನುತ್ತಿದ್ದರು. ಎಡವಿದ್ದು ಲೆಕ್ಕದಲ್ಲಿ ಅಲ್ಲ, ಹೆಸರಿನಲ್ಲಿ.

2019ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕ 27ಕ್ಕೆ ‘ಸತ್ತಾವೀಸ’ದ ಜೊತೆಗೆ ‘ವೀಸ ಸಾತ’ (ಇಪ್ಪತ್ತು ಏಳು) ಎಂದು ಓದುವ ಕ್ರಮವನ್ನು ತಂದಾಗ ರಾಜ್ಯದಲ್ಲಿ ದೊಡ್ಡ ಗದ್ದಲವಾಯಿತು. ಬಾಲಭಾರತಿಯ ಗಣಿತ ಸಮಿತಿಯ ಮುಖ್ಯಸ್ಥೆ ಮಂಗಲಾ ನಾರಳೀಕರ ಅದನ್ನು ಸಮರ್ಥಿಸಿಕೊಂಡರು. ನಮಗೆ ಇಪ್ಪತ್ತೇಳು ಎಂದು ಹೇಳಲು ಯಾವ ಸಮಿತಿಯೂ ಬೇಕಾಗಲಿಲ್ಲ. ಈ ಅನುಕೂಲವನ್ನು ಬಳಸಿಕೊಳ್ಳಿ, ಆದರೆ ಮರಾಠಿಯ ಹೆಸರುಗಳನ್ನು ಕಲಿಸದೆ ಬಿಡಬೇಡಿ. ಮಗು ನಾಳೆ ಅಂಗಡಿಯಲ್ಲಿ ಕೇಳುವುದು ಅವನ್ನೇ. ಕನ್ನಡದಲ್ಲೂ ಗುಂಡಿಗಳಿವೆ: ಒಂಬತ್ತು, ಎಂಬತ್ತು, ತೊಂಬತ್ತು ಕಿವಿಗೆ ಒಂದರಂತೆ ಇನ್ನೊಂದು. ಇವನ್ನು ಬೇರೆಬೇರೆ ದಿನ ಹೇಳಿಕೊಡಿ.

ಈಗ ಕಡ್ಡಿ ತೆಗೆಯಿರಿ. ಮೂವತ್ತೈದು ಕಡ್ಡಿಗಳನ್ನು ಎಣಿಸಿ, ಹತ್ತತ್ತರ ಕಟ್ಟು ಕಟ್ಟಿ, ಐದು ಬಿಡಿ ಉಳಿಯಲಿ. ಕಟ್ಟುವ ಕೆಲಸ ಮಗುವಿನ ಕೈಯಿಂದಲೇ ಆಗಬೇಕು. ಮೊದಲೇ ಕಟ್ಟಿ ತಂದ ಕಟ್ಟಿನೊಳಗೆ ಹತ್ತು ಇವೆ ಎಂಬುದನ್ನು ಮಗು ನಂಬುತ್ತದೆ, ಆದರೆ ಕಂಡಿರುವುದಿಲ್ಲ. ಹತ್ತು ಕಟ್ಟುಗಳನ್ನು ಸೇರಿಸಿ ದೊಡ್ಡ ಕಟ್ಟು ಮಾಡಿದರೆ ನೂರು. ‘ಬಿಡಿ, ಹತ್ತು, ನೂರು’ ಎಂಬ ಮನೆಗಳನ್ನು ಹಲಗೆಯ ಮೇಲೆ ಎಳೆಯುವುದು ಇದಾದ ಮೇಲೆ.

ಎಚ್ಚರಿಕೆಯ ಸೂಚನೆ: 35 ಎಂದು ಬರೆದು, ಅದರಲ್ಲಿರುವ 3ನ್ನು ಕಡ್ಡಿಗಳಲ್ಲಿ ತೋರಿಸು ಎಂದು ಕೇಳಿ. ಮಗು ಮೂರು ಬಿಡಿ ಕಡ್ಡಿಗಳನ್ನು ಎತ್ತಿ ತೋರಿಸಿದರೆ ಸ್ಥಾನಬೆಲೆ ಇನ್ನೂ ಒಳಗೆ ಇಳಿದಿಲ್ಲ. ನೂರ ಐದನ್ನು 1005 ಎಂದು ಬರೆಯುವುದೂ ಅದೇ ರೋಗ. ಕೇಳಿದ್ದನ್ನು ಕೇಳಿದ ಹಾಗೆ ಬರೆದಿದೆ. ಈ ಮಗುವಿನ ಮುಂದೆ ಮೂರನೇ ಹಂತ ತೆಗೆಯಬೇಡಿ.

ಹಂತ 3: ಕಟ್ಟು ಬಿಚ್ಚಿ ಕಳೆಯುವುದು

ಅತಿ ಹೆಚ್ಚು ಅಭ್ಯಾಸ ಪಾಠಗಳು ಮುಗ್ಗರಿಸುವುದು ಇಲ್ಲಿ. ಮೊದಲ ಕೆಲಸ, ‘ಸಾಲ’ ಎಂಬ ಪದವನ್ನು ಕೈಬಿಡುವುದು. ಒಮ್ಮೆ ನಾನು “ಪಕ್ಕದ ಮನೆಯಿಂದ ಒಂದು ಸಾಲ ತೆಗೆದುಕೊಳ್ಳೋಣ” ಎಂದಾಗ, ಅಪ್ಪ ಹೋಟೆಲಿನ ಗಲ್ಲೆಯ ಮೇಲೆ ಕೂರುವ ಹುಡುಗಿಯೊಬ್ಬಳು “ಹಿಂದಿರುಗಿಸುವುದು ಯಾವಾಗ? ಒಂದು ತಂದು ಹತ್ತು ಹೇಗೆ ಬರೆದಿರಿ?” ಎಂದು ಕೇಳಿದಳು. ಅವಳ ಲೆಕ್ಕ ಸರಿ. ಸಾಲವಾದರೆ ತೀರಿಸಬೇಕು, ಒಂದಾದರೆ ಒಂದೇ ಇರಬೇಕು. ‘ಬಿಚ್ಚು’ ಅನ್ನಿ: ಹತ್ತರ ಒಂದು ಕಟ್ಟು ಬಿಚ್ಚಿದರೆ ಹತ್ತು ಬಿಡಿ. ಏನೂ ಬರಲಿಲ್ಲ, ಏನೂ ಹೋಗಲಿಲ್ಲ.

503 − 267ನ್ನು ಮೇಜಿನ ಮೇಲೆ ಮಾಡಿ ನೋಡಿ. ಇಷ್ಟು ಕಡ್ಡಿ ಇರುವುದಿಲ್ಲವಾದ್ದರಿಂದ ಆಟದ ನೋಟು ತೆಗೆದುಕೊಳ್ಳಿ: ನೂರರ ಐದು ನೋಟು, ಹತ್ತರದ್ದು ಒಂದೂ ಇಲ್ಲ, ಒಂದರ ಮೂರು. ಇದರಿಂದ ಏಳು ಬಿಡಿ ಕೊಡಬೇಕು, ಇರುವುದು ಮೂರೇ. ಚಿಲ್ಲರೆ ಮಾಡಿಸಲು ಹತ್ತರ ನೋಟೇ ಇಲ್ಲ. ಹಾಗಾಗಿ ನೂರರ ಒಂದು ನೋಟು ಮುರಿಸಬೇಕು, ಹತ್ತರ ಹತ್ತು ನೋಟು ಬಂದವು. ಅದರಲ್ಲಿ ಒಂದನ್ನು ಮತ್ತೆ ಮುರಿಸಿದರೆ ಒಂದರ ಹತ್ತು. ಈಗ ಮೇಜಿನ ಮೇಲೆ ಏನಿದೆ ಎಣಿಸಿ: ನೂರರ ನಾಲ್ಕು, ಹತ್ತರ ಒಂಬತ್ತು, ಒಂದರ ಹದಿಮೂರು. ಸೊನ್ನೆ ಒಂಬತ್ತಾದದ್ದು ಹೀಗೆ. ಹತ್ತು ಬಂತು, ಒಂದು ಮುಂದಕ್ಕೆ ಹೋಯಿತು. ಒಟ್ಟು ಕೂಡಿದರೆ ಈಗಲೂ 503 ಎಂಬುದನ್ನು ಮಗುವಿನಿಂದ ಹೇಳಿಸಿ. ಕಳೆಯುವ ಕೆಲಸ ಇನ್ನೂ ಶುರುವಾಗಿಲ್ಲ, ಇಲ್ಲಿಯವರೆಗೆ ಆದದ್ದು ಬರೀ ಚಿಲ್ಲರೆ ಮಾಡಿಸುವುದು. ಕಳೆದರೆ 236.

ಹಲಗೆಯ ಮೇಲೆ ಇದನ್ನು ಬರೆಯುವಾಗ 5ನ್ನು ಹೊಡೆದು 4, ಸೊನ್ನೆಯನ್ನು ಹೊಡೆದು 9, 3ರ ಮುಂದೆ 1 ಎಂದು ಒಂದೇ ಉಸಿರಿನಲ್ಲಿ ಬರೆಯಬೇಡಿ. ಸೊನ್ನೆಯ ಮೇಲೆ ಮೊದಲು 10 ಬರಬೇಕು, ಆಮೇಲೆ ಅದು 9 ಆಗಬೇಕು. ಈ ನಡುವಿನ 10ನ್ನು ಶಿಕ್ಷಕರು ಮನಸ್ಸಿನಲ್ಲೇ ಮಾಡಿ ಮುಗಿಸುತ್ತಾರೆ. ಆರಂಭದಲ್ಲಿ ಹೇಳಿದ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ತಪ್ಪುತ್ತರಗಳನ್ನು ಓದಲು ಕಲಿಯಿರಿ. 364 ಎಂದು ಬಂದರೆ ಮಗು ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: 7ರಿಂದ 3, 6ರಿಂದ 0, 5ರಿಂದ 2. ಮೇಲೆ ಯಾವುದು, ಕೆಳಗೆ ಯಾವುದು ಎಂಬ ಗೊಡವೆಯೇ ಇಲ್ಲ. 246 ಬಂದರೆ ನೂರನ್ನು ಮುರಿಸಿದೆ, ಹತ್ತರ ಮನೆಯಲ್ಲಿ 10 ಇಟ್ಟಿದೆ, ಬಿಡಿಗೆ ಒಂದು ಕೊಟ್ಟದ್ದನ್ನು ಮಾತ್ರ ಮರೆತಿದೆ. ಎರಡಕ್ಕೂ ನೀವು ಹಾಕುವುದು ಒಂದೇ ಕೆಂಪು ಗೀಟು, ಆದರೆ ಮದ್ದು ಬೇರೆ. 364ರ ಮಗುವನ್ನು ಎರಡನೇ ಹಂತಕ್ಕೆ ಕರೆದೊಯ್ಯಬೇಕು. 246ರ ಮಗುವಿಗೆ ಆಟದ ನೋಟಿನಲ್ಲಿ ಇನ್ನೊಂದು ಸಲ ಚಿಲ್ಲರೆ ಮಾಡಿಸಿದರೆ ಸಾಕು. ಇವನ್ನು ತಪ್ಪಿನ ವಹಿಯಲ್ಲಿ ಬೇರೆಬೇರೆ ಪುಟದಲ್ಲಿ ಬರೆಯಿರಿ.

ಇನ್ನೊಂದು ಮಾತು. ನೀವು ಕಟ್ಟುವ ಕಳೆಯುವ ಕಥೆಗಳೆಲ್ಲ ‘ಇಷ್ಟಿತ್ತು, ಇಷ್ಟು ಹೋಯಿತು, ಉಳಿದದ್ದೆಷ್ಟು’ ಎಂದೇ ಇದ್ದರೆ ಮಗು ಮುಂದೆ ಎಡವುತ್ತದೆ. ‘ಅಕ್ಕ ತಮ್ಮನಿಗಿಂತ ಎಷ್ಟು ಎತ್ತರ’ ಎಂಬಲ್ಲಿ ಏನೂ ಹೋಗುವುದಿಲ್ಲ. ‘ಬಸ್ ಪಾಸಿಗೆ ಇನ್ನೆಷ್ಟು ಕೂಡಿಸಬೇಕು’ ಎಂಬಲ್ಲಿ ಕೇಳಿಸುವುದು ಕೂಡುವ ಮಾತು, ಮಾಡುವುದು ಕಳೆಯುವ ಲೆಕ್ಕ. ಮೂರು ಬಗೆಯವೂ ಸಮಸಮ ಇರಲಿ. ‘ಹೆಚ್ಚು ಎಂದರೆ ಕೂಡು, ಕಡಿಮೆ ಎಂದರೆ ಕಳೆ’ ಎಂದು ಸುಳಿವಿನ ಪದ ಕಲಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಅದು ಮಗುವಿಗೆ ಪ್ರಶ್ನೆ ಓದದಿರಲು ಕಲಿಸುವ ವಿದ್ಯೆ.

ಹಂತ 4: ಗುಣಾಕಾರ, ಭಾಗಾಕಾರ

ಮಗ್ಗಿ ಬಾಯಿಪಾಠ ಬೇಕು. ಆದರೆ ಅದಕ್ಕೆ ಮುಂಚೆ ಹುಣಸೆ ಬೀಜಗಳನ್ನು ಸಾಲುಸಾಲಾಗಿ ಜೋಡಿಸಿ: ಆರು ಬೀಜದ ನಾಲ್ಕು ಸಾಲು. ತಟ್ಟೆಯನ್ನು ತಿರುಗಿಸಿದರೆ ನಾಲ್ಕರ ಆರು ಸಾಲು. 6 × 4 ಮತ್ತು 4 × 6 ಒಂದೇ ಯಾಕೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

46 × 32ರಲ್ಲಿ ಎರಡನೇ ಸಾಲು ಬರೆಯುವಾಗ ಒಂದು ಮನೆ ಯಾಕೆ ಬಿಡುತ್ತೇವೆ? ಅಲ್ಲಿ ಗುಣಿಸುತ್ತಿರುವುದು 3ರಿಂದಲ್ಲ, 30ರಿಂದ. 46 × 2 = 92, 46 × 30 = 1380, ಕೂಡಿದರೆ 1472. ಮೊದಲ ತಿಂಗಳು 1380 ಎಂದು ಸೊನ್ನೆ ಸಮೇತ ಬರೆಸಿ. ಚುಕ್ಕಿ ಇಡುವ, ಅಡ್ಡಗೆರೆ ಎಳೆಯುವ ಅಭ್ಯಾಸ ಆಮೇಲೆ ಬರಲಿ.

ಭಾಗಾಕಾರಕ್ಕೆ ಎರಡು ಮುಖ. 12 ಲಾಡುಗಳನ್ನು 3 ಮಕ್ಕಳಿಗೆ ಹಂಚುವುದು ಒಂದು. 12 ಲಾಡುಗಳನ್ನು ಮೂರು ಮೂರರಂತೆ ಪೊಟ್ಟಣ ಕಟ್ಟುವುದು ಇನ್ನೊಂದು. ಉತ್ತರ ಎರಡರಲ್ಲೂ 4. ಮೊದಲನೆಯದರಲ್ಲಿ ಅದು ಲಾಡು, ಎರಡನೆಯದರಲ್ಲಿ ಪೊಟ್ಟಣ. ಎರಡನೆಯದನ್ನು ಕಡೆಗಣಿಸಿದವರು ಭಿನ್ನರಾಶಿಯ ಭಾಗಾಕಾರದಲ್ಲಿ ಸಿಕ್ಕಿಬೀಳುತ್ತಾರೆ. ಅರ್ಧ ಮಗುವಿಗೆ ಯಾರೂ ಹಂಚಲಾರರು.

618 ÷ 6ಕ್ಕೆ 13 ಎಂದು ಬರೆದ ಮಗುವಿಗೆ ಬೈಯುವ ಮುನ್ನ ನೋಟು ಕೊಡಿ. ನೂರರ ಆರು ನೋಟುಗಳನ್ನು ಆರು ಜನಕ್ಕೆ ಹಂಚಿದಾಗ ಒಬ್ಬರಿಗೆ ನೂರು ಸಿಕ್ಕಾಗಿದೆ. 13 ಹೇಗೆ ಬಂದೀತು? ಅಂದಾಜು ಮಾಡುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ. ಶೇಷವನ್ನು ಬರೆದು ಕೈತೊಳೆದುಕೊಳ್ಳಬೇಡಿ: 50 ಮಕ್ಕಳನ್ನು ರಾಣಿಬಾಗ್ ಮೃಗಾಲಯಕ್ಕೆ ಕರೆದೊಯ್ಯಲು ಒಂದೊಂದರಲ್ಲಿ 12 ಮಂದಿ ಕೂರುವ ಎಷ್ಟು ಟೆಂಪೊ ಬೇಕು? ‘4, ಶೇಷ 2’ ಎಂದು ಬರೆದರೆ ಇಬ್ಬರು ಶಾಲೆಯ ಗೇಟಿನಲ್ಲೇ ಉಳಿದರು.

ಹಂತ 5: ಭಿನ್ನರಾಶಿ

ಎರಡು ವಾರ ಇಡಿ. ಅವಸರ ಮಾಡಿದವರೆಲ್ಲ ನನ್ನ ಬಳಿಗೆ ಹಿಂದಿರುಗಿ ಬಂದದ್ದು ಈ ಹಂತಕ್ಕೇ.

ಮೊದಲು ಮಾತು. ¾ನ್ನು ಕನ್ನಡದಲ್ಲಿ ‘ನಾಲ್ಕನೇ ಮೂರು’ ಎನ್ನುತ್ತೇವೆ, ಛೇದ ಮೊದಲು. ಮರಾಠಿಯಲ್ಲಿ ‘ತೀನ ಛೇದ ಚಾರ’, ಅಂಶ ಮೊದಲು. ಎರಡನ್ನೂ ಕೇಳುವ ಮಗು ‘ನಾಲ್ಕನೇ ಮೂರು’ ಎಂದಾಗ 4/3 ಬರೆಯುವುದು ಸಹಜ. ಕೆಲವು ವಾರ ‘ನಾಲ್ಕು ಸಮಭಾಗಗಳಲ್ಲಿ ಮೂರು’ ಎಂದೇ ಹೇಳಿ, ಬರೆಯುವಾಗಲೂ ಗೆರೆ, ಕೆಳಗಿನ 4, ಮೇಲಿನ 3 ಎಂಬ ಕ್ರಮದಲ್ಲೇ ಬರೆಯಿರಿ. ಒಂದೂಮುಕ್ಕಾಲಿಗೆ ಮರಾಠಿಯ ಹೆಸರು ‘ಪಾವಣೇ ದೋನ’, ಎರಡಕ್ಕೆ ಕಾಲು ಕಡಿಮೆ. ಮಗುವಿಗೆ ಅದರಲ್ಲಿ ಎರಡು ಕೇಳಿಸುತ್ತದೆ. ತಪ್ಪಿನ ವಹಿಯಲ್ಲಿ ಇದಕ್ಕೂ ಒಂದು ಪುಟ.

ಎರಡನೆಯದು, ‘ಯಾವುದರ ಭಾಗ’ ಎಂಬ ಪ್ರಶ್ನೆ. ಈ ಊರಿನಲ್ಲಿ ಅದಕ್ಕೆ ಕಟಿಂಗ್ ಚಹಾಕ್ಕಿಂತ ಒಳ್ಳೆಯ ಪಾಠೋಪಕರಣವಿಲ್ಲ. ಪುಟ್ಟ ಗಾಜಿನ ಲೋಟದಲ್ಲಿ ಅಂಚಿನವರೆಗೆ ಚಹಾ ಇರುತ್ತದೆ, ಆದರೂ ಎಲ್ಲರೂ ಅದನ್ನು ಅರ್ಧ ಎನ್ನುತ್ತಾರೆ. ಯಾವುದರ ಅರ್ಧ? ಫುಲ್ ಚಹಾದ ಅರ್ಧ. ಈ ಲೋಟವನ್ನೇ ಒಂದು ಎಂದು ಹಿಡಿದರೆ ಅದು ಪೂರ್ತಿ. ಚಹಾ ಬದಲಾಗಲಿಲ್ಲ, ಅಳೆಯುವ ‘ಒಂದು’ ಬದಲಾಯಿತು. ಇದು ಹಿಡಿತಕ್ಕೆ ಬಂದರೆ ಭಿನ್ನರಾಶಿಯ ಮುಕ್ಕಾಲು ಪಾಲು ಕೈಗೆ ಬಂದಂತೆ.

ಈಗ ಒಂದನೇ ಹಂತದ ಖಾಲಿ ಸಾಲಿಗೆ ಹೋಗೋಣ. ಒಂದೂಮುಕ್ಕಾಲು ಲೀಟರ್ ಹಾಲಿದೆ, ಅರ್ಧ ಲೀಟರಿನ ಬಾಟಲಿಗಳಿವೆ. ಎಷ್ಟು ಬಾಟಲಿ ತುಂಬುತ್ತವೆ? ಮೂರು ತುಂಬಿದವು, ಕಾಲು ಲೀಟರ್ ಉಳಿಯಿತು. ಉತ್ತರ ಮೂರೂವರೆ. ಇಲ್ಲಿ ಚುರುಕಾದ ಮಗು ತಡೆಯುತ್ತದೆ: “ಉಳಿದದ್ದು ಕಾಲು, ನೀವು ಅರ್ಧ ಅನ್ನುತ್ತೀರಿ.” ಲೀಟರಿನಲ್ಲಿ ಕಾಲು, ಬಾಟಲಿಯಲ್ಲಿ ಅರ್ಧ. ಪ್ರಶ್ನೆ ಕೇಳಿದ್ದು ಬಾಟಲಿ ಎಷ್ಟೆಂದು. ಕಟಿಂಗ್ ಲೋಟವನ್ನು ಮೇಜಿನ ಮೇಲೆ ಇಟ್ಟಿದ್ದರೆ ಈ ಉತ್ತರವನ್ನು ಪಕ್ಕದಲ್ಲಿ ಕುಳಿತ ಮಗುವೇ ಕೊಡುತ್ತದೆ. ‘ತಿರುಗಿಸಿ ಗುಣಿಸು’ ಎಂಬುದನ್ನು ಇದಾದ ನಂತರ ಹೇಳಿ: ಒಂದು ಲೀಟರಿಗೆ ಎರಡು ಬಾಟಲಿ ಹಿಡಿಯುವುದರಿಂದ ಒಂದೂಮುಕ್ಕಾಲಿಗೆ 1¾ × 2.

ಮೂರನೆಯದು, ಕಾಗದದ ಪಟ್ಟಿ. ಒಂದೇ ಉದ್ದದ ಪಟ್ಟಿಗಳನ್ನು ಎರಡು, ಮೂರು, ನಾಲ್ಕು, ಏಳು ಸಮಭಾಗವಾಗಿ ಗುರುತಿಸಿ. ¾ ಮತ್ತು 5/7ನ್ನು ಅಕ್ಕಪಕ್ಕ ಇಟ್ಟರೆ ಮೊದಲನೆಯದಕ್ಕೆ ಒಂದಾಗಲು ¼ ಕೊರತೆ, ಎರಡನೆಯದಕ್ಕೆ 2/7 ಕೊರತೆ. 2/8 ಅಂದರೆ ¼. 2/7 ಅದಕ್ಕಿಂತ ದೊಡ್ಡದು, ಅಂದರೆ ಕೊರತೆ ಹೆಚ್ಚು. ಹಾಗಾಗಿ ¾ ದೊಡ್ಡದು. ಲಸಾಅ ಹಿಡಿಯದೆಯೇ ಉತ್ತರ ಬಂತು.

ದುಂಡನೆಯ ರೊಟ್ಟಿ, ಪಿಜ್ಜಾ ಚಿತ್ರಗಳನ್ನಷ್ಟೇ ನಂಬಬೇಡಿ. ವೃತ್ತವನ್ನು ಕೈಯಲ್ಲಿ ಏಳು ಸಮಭಾಗ ಮಾಡುವುದು ನಿಮ್ಮಿಂದಲೂ ಆಗುವುದಿಲ್ಲ, ಮಕ್ಕಳಿಂದಲೂ ಆಗುವುದಿಲ್ಲ. ಚಾರ್ಟಿನಲ್ಲಿ ಅಸಮ ಭಾಗಗಳನ್ನು ಬರೆದು ⅓ ಎಂದು ಹೆಸರಿಟ್ಟರೆ ಕಲಿಸಿದ್ದು ಸುಳ್ಳು.

ಎಚ್ಚರಿಕೆಯ ಸೂಚನೆ: ⅓ + ¼ = 2/7. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿದ ಈ ಮಗುವಿಗೆ ಭಿನ್ನರಾಶಿ ಒಂದು ಸಂಖ್ಯೆಯಲ್ಲ, ಗೆರೆಯ ಆಚೀಚೆ ಕುಳಿತ ಎರಡು ಸಂಖ್ಯೆ. ಛೇದ ಸಮ ಮಾಡುವುದನ್ನು ಕಲಿಸಲು ಹೋಗಬೇಡಿ. ಪಟ್ಟಿ ಕೊಟ್ಟು, 2/7 ಎಂಬುದು ⅓ಕ್ಕಿಂತಲೂ ಚಿಕ್ಕದು ಎಂಬುದನ್ನು ಕಣ್ಣಾರೆ ನೋಡಿಸಿ. ಕೂಡಿದ ಮೇಲೆ ಕಡಿಮೆಯಾದದ್ದು ಹೇಗೆ ಎಂದು ಅದೇ ಕೇಳುತ್ತದೆ.

ಹಂತ 6: ದಶಮಾಂಶ ಮತ್ತು ಅಳತೆ

0.35ನ್ನು ‘ಪಾಯಿಂಟ್ ಮೂವತ್ತೈದು’ ಎಂದು ಓದಬೇಡಿ. ‘ಪಾಯಿಂಟ್ ಮೂರು ಐದು’ ಎನ್ನಿ. 35 ದೊಡ್ಡದು, 4 ಚಿಕ್ಕದು, ಹಾಗಾಗಿ 0.35 ದೊಡ್ಡದು ಎಂಬ ತಪ್ಪು ಓದುವ ರೀತಿಯಿಂದಲೇ ಅರ್ಧ ಹುಟ್ಟುತ್ತದೆ. ಚೌಕದ ಪುಸ್ತಕದಲ್ಲಿ ನೂರು ಮನೆಯ ಚೌಕ ಎಳೆದು ಎರಡನ್ನೂ ಬಣ್ಣ ಹಚ್ಚಿಸಿ: 35 ಮನೆ, 40 ಮನೆ.

ಮುಂಬಯಿಗೆಂದೇ ಒಂದು ಎಚ್ಚರಿಕೆ. ಇಲ್ಲಿನ ಮಕ್ಕಳು ಹುಟ್ಟಿದಂದಿನಿಂದ ಕೇಳುವ ಚುಕ್ಕಿಯ ಸಂಖ್ಯೆ ಲೋಕಲ್ ರೈಲಿನದ್ದು. 7.52ರ ಗಾಡಿ ತಪ್ಪಿದರೆ 8.10ರದ್ದು. ನಡುವೆ ಹದಿನೆಂಟು ನಿಮಿಷ. ದಶಮಾಂಶದಂತೆ ಕಳೆದರೆ 0.58. ಆ ಚುಕ್ಕಿ ದಶಮಾಂಶ ಬಿಂದುವಲ್ಲ, ಅದರಾಚೆ ಇರುವುದು ಅರವತ್ತರ ಲೆಕ್ಕ. ಇದನ್ನು ನೀವೇ ಎತ್ತಿ ಚರ್ಚಿಸಿ, ಇಲ್ಲದಿದ್ದರೆ ಪರೀಕ್ಷೆಯ ಹಾಳೆಯಲ್ಲಿ ಎದುರಾಗುತ್ತದೆ.

ವಿಸ್ತೀರ್ಣ, ಸುತ್ತಳತೆಗೆ ಚಾಳಿನ (ಸಾಲುಮನೆಗಳ ಕಟ್ಟಡದ) ಖೋಲಿ ಸಾಕು. ಮುಂಬಯಿಯ ಹಳೆಯ ಬಿ.ಡಿ.ಡಿ. ಚಾಳಿನ ಖೋಲಿ 160 ಚದರ ಅಡಿ. 16 ಅಡಿ ಉದ್ದ, 10 ಅಡಿ ಅಗಲವಾದರೆ ಸುತ್ತಳತೆ 52 ಅಡಿ. 20 ಮತ್ತು 8 ಆದರೆ 56. ನೆಲ ಅಷ್ಟೇ, ಗೋಡೆ ಹೆಚ್ಚು.

ಹಂತ 7: ಒಂದು ಮಗುವಿನ ಪಕ್ಕ ಕುಳಿತುಕೊಳ್ಳಿ

ಇಡೀ ತರಗತಿಯ ಮುಂದೆ ನಿಲ್ಲುವ ಮೊದಲು ಮೂರು ಮಕ್ಕಳೊಂದಿಗೆ, ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷ. ಪಕ್ಕದ ಮನೆಯ ಮಗುವಾದರೂ ಸರಿ, ತಾಯಿಯ ಒಪ್ಪಿಗೆ ಕೇಳಿಕೊಳ್ಳಿ. ಒಂದು ಲೆಕ್ಕ ಕೊಟ್ಟು, “ಮಾಡುತ್ತಾ ಮಾಡುತ್ತಾ ಏನು ಯೋಚಿಸುತ್ತೀಯೋ ಹೇಳು” ಎನ್ನಿ. ಆಮೇಲೆ ಸುಮ್ಮನಿರಿ.

ಸುಮ್ಮನಿರುವುದೇ ಕಷ್ಟ. ಮಗು ತಪ್ಪು ಬರೆದ ಕ್ಷಣ ನಿಮ್ಮ ಕೈ ರಬ್ಬರಿನ ಕಡೆಗೆ ಹೋಗುತ್ತದೆ. ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳಿ. ಉತ್ತರ ಸರಿಯಿದ್ದಾಗಲೂ “ಹೇಗೆ ಬಂತು?” ಎಂದೇ ಕೇಳಿ. ತಪ್ಪಿದ್ದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಬೈಗುಳ ಎಂದು ಮಗು ಎರಡೇ ನಿಮಿಷದಲ್ಲಿ ಕಂಡುಕೊಳ್ಳುತ್ತದೆ. ಮನೆಮಾತು ತುಳುವಾದರೆ, ಕೊಂಕಣಿಯಾದರೆ, ಎಣಿಸುವುದನ್ನು ಆ ಭಾಷೆಯಲ್ಲೇ ಎಣಿಸಲಿ.

ಕೇಳಿಸಿಕೊಳ್ಳುವುದನ್ನು ಬಿಟ್ಟು ನೀವು ಕಲಿಸತೊಡಗಿದ್ದೀರಿ ಎಂಬುದಕ್ಕೆ ಗುರುತು: ಇಪ್ಪತ್ತು ನಿಮಿಷದಲ್ಲಿ ಮಗುವಿಗಿಂತ ಹೆಚ್ಚು ನೀವೇ ಮಾತನಾಡಿದ್ದೀರಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ ನೋಡಿ. ನನ್ನ ಮೊದಲ ಮುದ್ರಣವನ್ನು ನಾನು ಪೂರ್ತಿ ಕೇಳಲಾರದೆ ಅಳಿಸಿದೆ.

ಹಂತ 8: ಈಗ ಪಾಠಯೋಜನೆ

ಒಂದು ತಾಸಿಗೆ ಒಂದೇ ಗುರಿ. ‘ಮಕ್ಕಳು ವ್ಯವಕಲನ ಕಲಿಯುತ್ತಾರೆ’ ಎಂಬುದು ಗುರಿಯಲ್ಲ. ‘ಹತ್ತರ ಮನೆಯಲ್ಲಿ ಸೊನ್ನೆಯಿದ್ದಾಗ ನೂರನ್ನು ಬಿಚ್ಚಿ ತೋರಿಸುತ್ತಾರೆ’ ಎಂಬುದು ಗುರಿ. ಆಗಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ.

ಪಾಠದ ಮೈಕಟ್ಟು ಹೀಗಿರಲಿ: ಮೊದಲು ಕೈಗೆ ವಸ್ತು, ಆಮೇಲೆ ಅದರ ಬಗ್ಗೆ ಮಾತು, ಆಮೇಲೆ ಚಿತ್ರ, ಕೊನೆಗೆ ಸಂಕೇತ. ತರಬೇತಿಯಲ್ಲಿ ಇದನ್ನು ಅನುಭವ, ಭಾಷೆ, ಚಿತ್ರ, ಸಂಕೇತ ಎಂದು ಬಾಯಿಪಾಠ ಮಾಡಿರುತ್ತೀರಿ. ಆದರೆ ಹಲಗೆಯ ಮೇಲೆ ಮೊದಲು ಬರೆಯುವುದು ಸಂಕೇತವನ್ನೇ. ವಸ್ತುವಿನಿಂದ ಸಂಕೇತಕ್ಕೆ ಹಾರುವಾಗ ಚಿತ್ರ ಬಿಟ್ಟುಹೋಗುವುದು ಇನ್ನೊಂದು ಮಾಮೂಲಿ ತಪ್ಪು. ಕಡ್ಡಿಗಳನ್ನು ಡಬ್ಬಿಗೆ ತುಂಬಿದ ಮೇಲೆ ಮಗುವಿಗೆ ಆಧಾರವಾಗುವುದು ತಾನೇ ಬರೆದ ಕಟ್ಟುಗಳ ಚಿತ್ರ.

ತಪ್ಪಿನ ವಹಿಯಿಂದ ಬರಬಹುದಾದ ಮೂರು ತಪ್ಪುತ್ತರಗಳನ್ನು ಆರಿಸಿ ಯೋಜನೆಯ ಬಲಬದಿಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರು ನೀವು ಕೇಳಲಿರುವ ಪ್ರಶ್ನೆ. ವಿವರಣೆ ಬೇಡ, ಪ್ರಶ್ನೆಯೇ ಬೇಕು. ಹಲಗೆಯನ್ನು ಮೊದಲೇ ಕಾಗದದ ಮೇಲೆ ಬರೆದು ನೋಡಿ: ಎಡಕ್ಕೆ ಏನು, ಬಲಕ್ಕೆ ಏನು, ಯಾವುದನ್ನು ಅಳಿಸಕೂಡದು. ಕಡ್ಡಿ ಹಂಚಲು ಮತ್ತು ಹಿಂದಕ್ಕೆ ಪಡೆಯಲು ಹತ್ತು ನಿಮಿಷ ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡು ಲೆಕ್ಕ ಚೆನ್ನಾಗಿ ಆದರೆ ಸಾಕು. ಐದು ಲೆಕ್ಕ ಯೋಜಿಸಿದವರು ಮೂರನೆಯದರಿಂದ ಓಡತೊಡಗುತ್ತಾರೆ.

ಎಲ್ಲ ಮಕ್ಕಳೂ ಒಟ್ಟಿಗೆ “ಹೌದು ಬಾಯಿ” ಎಂದರೆ ಹಿಗ್ಗಬೇಡಿ. ಅದು ಅಪಾಯದ ಗಂಟೆ. ಕೊನೆಯ ಐದು ನಿಮಿಷ ಒಂದು ಚೀಟಿಯಲ್ಲಿ ಒಂದೇ ಲೆಕ್ಕ, ಜೊತೆಗೆ ಚಿತ್ರ. ಯಾರಿಗೆ ಗೊತ್ತಾಯಿತು ಎಂಬುದನ್ನು ಚೀಟಿ ಹೇಳುತ್ತದೆ.

ಸಿಟಿಇಟಿ (ಕೇಂದ್ರೀಯ ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯುವವರಿಗೆ ಒಂದು ಮಾತು. ಒಂದನೇ ಪತ್ರಿಕೆಯ 150 ಪ್ರಶ್ನೆಗಳಲ್ಲಿ ಗಣಿತದ್ದು 30. ಅದರಲ್ಲಿ 15 ವಿಷಯದ ಮೇಲೆ, 15 ಬೋಧನೆಯ ಮೇಲೆ. ಮೊದಲ ಭಾಷೆಯಾಗಿ ಕನ್ನಡ ಆರಿಸಿಕೊಳ್ಳಬಹುದು. ಬೋಧನೆಯ ಪ್ರಶ್ನೆಗಳಲ್ಲಿ ಹಲವು ‘ಮಗು ಹೀಗೆ ಬರೆದಿದೆ, ಕಾರಣವೇನು’ ಎಂಬ ಧಾಟಿಯವು. ತಪ್ಪಿನ ವಹಿ ತುಂಬಿಸಿದವರಿಗೆ ಅದಕ್ಕೆ ಬೇರೆ ತಯಾರಿ ಬೇಕಿಲ್ಲ.

ಪಾಠ ಮುಗಿದ ದಿನವೇ, ಮನೆಗೆ ಹೋಗುವ ರೈಲಿನಲ್ಲಿ ಕೂರಲು ಜಾಗ ಸಿಕ್ಕರೆ, ಚೀಟಿಗಳನ್ನು ತೆಗೆದು ಮೂರು ಗುಂಪು ಮಾಡಿ: ಲೆಕ್ಕವೂ ಚಿತ್ರವೂ ಸರಿ, ಲೆಕ್ಕ ಮಾತ್ರ ಸರಿ, ಎರಡೂ ತಪ್ಪು. ನಾಳೆಯ ಪಾಠ ಶುರುವಾಗಬೇಕಾದದ್ದು ನಡುವಿನ ಗುಂಪಿನಿಂದ. ಜಾಗ ಸಿಗದಿದ್ದರೆ ಮನೆ ತಲುಪಿ, ಊಟಕ್ಕೆ ಮೊದಲು ಮಾಡಿ. ಊಟವಾದ ಮೇಲೆ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ.